ನೀವು ಕೇಳಿದ್ದು: ಬೊಮ್ಮಾಯಿ ಮನೆತನ ಮತ್ತು ಅಪ್ಪನ ಹೆಸರಿನ ಬೆಲೆ

ಹಿಂದಿನ ಸಂಚಿಕೆಯಲ್ಲಿ ಎಸ್.ಆರ್. ಬೊಮ್ಮಾಯಿ ತೀರ್ಪಿನ ಬಗ್ಗೆ, ಅಂದರೆ 1989ರಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ ವಜಾ ಮಾಡಿದ್ದು ತಪ್ಪು ಅಂದ ಸುಪ್ರೀಂ ಕೋರ್ಟಿನ ತೀರ್ಪಿನ ಬಗ್ಗೆ, ಒಬ್ಬರು ಕೇಳಿದ್ದರು, ನಾಲ್ಕು ಸಾಲಲ್ಲಿ ಉತ್ತರ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ತೀರ್ಪಿನ ಬಗ್ಗೆ ಅಲ್ಲ, ಅವರ ಮಗ ಬಸವರಾಜ ಬೊಮ್ಮಾಯಿ ಅವರ ಬಗ್ಗೆ. ಹುಬ್ಬಳ್ಳಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಈ ಮನೆತನದ ವಿಷಯ ನನಗೆ ಪುಸ್ತಕದಲ್ಲಿ ಓದಿದ್ದಲ್ಲ, ಊರಿನಲ್ಲಿ ಕಂಡಿದ್ದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇರಲಿ.

ಸರ್, ನಮಸ್ಕಾರ್ರಿ. ಬಸವರಾಜ ಬೊಮ್ಮಾಯಿ ಅಪ್ಪನ ಹೆಸರಿನಿಂದಲೇ ಮುಖ್ಯಮಂತ್ರಿ ಆದರು ಅಂತ ನಮ್ಮ ಅಂಗಡಿ ಕಟ್ಟೆಯ ಮೇಲೆ ದಿನಾ ವಾದ. ನೀವೇನಂತೀರಿ?
— ಬಟ್ಟೆ ವ್ಯಾಪಾರಿ, ರಾಣೆಬೆನ್ನೂರು

ನಮಸ್ಕಾರ. ಅಪ್ಪನ ಹೆಸರಿನಿಂದ ಟಿಕೆಟ್ ಸಿಕ್ಕಿತು ಅನ್ನಿ, ಒಪ್ಪುತ್ತೇನೆ. ಅಪ್ಪನ ಹೆಸರಿನಿಂದಲೇ ಮುಖ್ಯಮಂತ್ರಿ ಆದರು ಅಂದರೆ ಒಪ್ಪಲಾರೆ.

1994ರ ವಿಧಾನಸಭೆ ಚುನಾವಣೆ ನೋಡಿ. ರಾಜ್ಯದ ತುಂಬ ಜನತಾದಳದ ಗಾಳಿ. ದೇವೇಗೌಡರು ಮುಖ್ಯಮಂತ್ರಿ ಆಗಿದ್ದು ಆಗಲೇ. ಅದೇ ವರ್ಷ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು ಬೊಮ್ಮಾಯಿ ಹೆಸರು ದೇಶದ ಮೂಲೆಮೂಲೆಗೂ ಹೋಗಿತ್ತು. ಅಪ್ಪ ಶಾಸಕರಾಗಿದ್ದ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಲ್ಲೇ ಮಗ ನಿಂತರು. ಹೆಸರು, ಪಕ್ಷ, ಗಾಳಿ, ಊರು ಎಲ್ಲವೂ ಇತ್ತು. ಆದರೂ ಸೋತರು. ಗೆದ್ದವರು ಜಗದೀಶ ಶೆಟ್ಟರ್.

ಆ ಸೋಲಿನ ಮುಂದಿನ ಕಥೆಯನ್ನೂ ನಿಮ್ಮ ಕಟ್ಟೆಯ ಗೆಳೆಯರಿಗೆ ಹೇಳಿ. ಶೆಟ್ಟರ್ 2012ರಲ್ಲಿ ಮುಖ್ಯಮಂತ್ರಿ ಆದಾಗ ಅವರ ಸಂಪುಟದಲ್ಲಿ ಬಸವರಾಜ ಬೊಮ್ಮಾಯಿ ಮಂತ್ರಿ. 2021ರಲ್ಲಿ ಬೊಮ್ಮಾಯಿ ಮುಖ್ಯಮಂತ್ರಿ ಆದಾಗ, ಹಿರಿಯನಾದ ನಾನು ಈ ಸಂಪುಟದಲ್ಲಿ ಇರುವುದಿಲ್ಲ ಎಂದು ಶೆಟ್ಟರ್ ಹೊರಗುಳಿದರು. ಒಂದೇ ಊರಿನ ಇಬ್ಬರ ಲೆಕ್ಕ ಇಷ್ಟು ವರ್ಷ ಎಳೆಯಿತು.

ಸೋತ ಮೇಲೆ ಬಸವರಾಜ ಅವರು ಮುಖ್ಯಮಂತ್ರಿ ಜೆ.ಎಚ್. ಪಟೇಲರ ರಾಜಕೀಯ ಕಾರ್ಯದರ್ಶಿಯಾಗಿದ್ದರು. 1998ರಲ್ಲಿ ಮತ್ತು 2004ರಲ್ಲಿ ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಹೋದರು. ಅಲ್ಲಿ ಮತದಾರರು ಅಂದರೆ ಪಂಚಾಯಿತಿ ಸದಸ್ಯರು, ಪುರಸಭೆ ಸದಸ್ಯರು. ಅವರ ಮನೆ ಬಾಗಿಲಿಗೆ ಹೋಗಿ ಕೂರದೆ ಆ ಚುನಾವಣೆ ಗೆಲ್ಲಲು ಆಗುವುದಿಲ್ಲ. 2008ರಿಂದ 2023ರವರೆಗೆ ಶಿಗ್ಗಾವಿಯಲ್ಲಿ ನಾಲ್ಕು ಸಲ ಸತತ ಗೆದ್ದರು. 2021ರ ಜುಲೈ 26ರಂದು ಯಡಿಯೂರಪ್ಪ ರಾಜೀನಾಮೆ ಕೊಟ್ಟಾಗ ಇವರು ಗೃಹ ಮಂತ್ರಿ, ಯಡಿಯೂರಪ್ಪನವರಿಗೆ ಬೇಕಾದವರು, ಸದನದಲ್ಲಿ ಕಾನೂನು ಮತ್ತು ನೀರಾವರಿ ಲೆಕ್ಕ ಹಿಡಿದು ಮಾತಾಡಬಲ್ಲವರು. 28ಕ್ಕೆ ಪ್ರಮಾಣ ವಚನ ಆಯಿತು. ಇಷ್ಟರಲ್ಲಿ ಅಪ್ಪನ ಪಾಲು ಎಷ್ಟು? ಮೊದಲ ಟಿಕೆಟ್ಟಿನದು. ಹಾಗಂತ ಅದು ಸಣ್ಣದಲ್ಲ. ಅದು ಸಿಗದೇ ಎಷ್ಟೋ ಬುದ್ಧಿವಂತರು ಊರಲ್ಲೇ ಉಳಿದುಹೋದರು. ಆ ಮಾತು ಮುಂದೆ ಬರುತ್ತದೆ.

ಸರ್, ನಾನು ಕಾನೂನು ಓದುತ್ತಿದ್ದೇನೆ. ಬೊಮ್ಮಾಯಿ ಪ್ರಕರಣ ಪರೀಕ್ಷೆಗೆ ಬಂದೇ ಬರುತ್ತೆ ಅಂತಾರೆ. ಆದರೆ 1989ರಲ್ಲಿ ನಿಜವಾಗಿ ಏನಾಯಿತು ಅಂತ ಯಾರೂ ಕಥೆ ಥರ ಹೇಳಲ್ಲ.
— ವಿದ್ಯಾರ್ಥಿನಿ, ಮೈಸೂರು

ಹೇಳ್ತೀನಮ್ಮಾ. ಪಾಠ ಮಾಡುವಾಗ ನನಗೆ ಬಹಳ ಇಷ್ಟವಾಗಿದ್ದ ಭಾಗ ಇದು. ನಮ್ಮ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಕೈ ಎತ್ತಿ, 'ಸರ್, ಇವರು ನಮ್ಮ ಹುಬ್ಬಳ್ಳಿ ಬೊಮ್ಮಾಯಿನಾ?' ಅಂತ ಕೇಳುತ್ತಿದ್ದರು. ದೆಹಲಿಯ ದಪ್ಪ ತೀರ್ಪಿನ ಮೇಲೆ ನಮ್ಮೂರಿನವರ ಹೆಸರು ನೋಡಿ ಮಕ್ಕಳಿಗೆ ಆಗುತ್ತಿದ್ದ ಖುಷಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಟೆಲಿಫೋನ್ ಕದ್ದಾಲಿಕೆ ಆರೋಪದ ಮೇಲೆ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. 1988ರ ಆಗಸ್ಟ್ 13ರಂದು ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ ಆದರು. ಪಕ್ಷದೊಳಗೆ ಕುರ್ಚಿಗಾಗಿ ಎಳೆದಾಟ ಇದ್ದೇ ಇತ್ತು. 1989ರ ಏಪ್ರಿಲ್ 15ರಂದು ಸಂಪುಟ ವಿಸ್ತರಣೆ ಮಾಡಿ 13 ಜನರನ್ನು ಸೇರಿಸಿಕೊಂಡರು. ಸಿಗದವರಿಗೆ ಸಿಟ್ಟು ಬಂತು. ಎರಡೇ ದಿನಕ್ಕೆ ಒಬ್ಬ ಶಾಸಕರು ಪಕ್ಷ ಬಿಟ್ಟರು. ಅವರು 19 ಶಾಸಕರ ಸಹಿ ಇದ್ದ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಗೆ ಕೊಟ್ಟರು. ಸರ್ಕಾರಕ್ಕೆ ಬಹುಮತ ಇಲ್ಲ ಎಂದು ರಾಜ್ಯಪಾಲರು 19ರಂದು ರಾಷ್ಟ್ರಪತಿಗೆ ವರದಿ ಬರೆದರು.

ಮರುದಿನ ಏನಾಯಿತು ನೋಡಿ. ಆ 19 ಜನರಲ್ಲಿ ಏಳು ಮಂದಿ, ನಮ್ಮನ್ನು ದಾರಿ ತಪ್ಪಿಸಿ ಸಹಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಮತ್ತೆ ಪತ್ರ ಕೊಟ್ಟರು. ಬೊಮ್ಮಾಯಿ ರಾಜಭವನಕ್ಕೆ ಹೋಗಿ, ಸದನದಲ್ಲೇ ಬಹುಮತ ತೋರಿಸುತ್ತೇನೆ, ಬೇಕಾದರೆ ಅಧಿವೇಶನವನ್ನು ಬೇಗ ಕರೆಯುತ್ತೇನೆ ಅಂದರು. ರಾಜ್ಯಪಾಲರು ಕೇಳಲಿಲ್ಲ. 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆಯೂ ವಿಸರ್ಜನೆ ಆಯಿತು.

ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಎಂದು ನೋಡುವ ಜಾಗ ಸದನ, ರಾಜ್ಯಪಾಲರ ಕೋಣೆ ಅಲ್ಲ. ಸಂವಿಧಾನದ 356ನೇ ವಿಧಿಯಡಿ ಹೊರಡಿಸಿದ ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ. ಪರೀಕ್ಷೆಗೆ ಈ ನಾಲ್ಕು ನೆನಪಿಟ್ಟುಕೋ.

ಬೊಮ್ಮಾಯಿ ಅವರಿಗೆ ಕುರ್ಚಿ ವಾಪಸ್ ಸಿಗಲಿಲ್ಲ. 1989ರ ಕೊನೆಗೆ ಚುನಾವಣೆ ಆಗಿ ವೀರೇಂದ್ರ ಪಾಟೀಲರ ಕಾಂಗ್ರೆಸ್ ಸರ್ಕಾರ ಬಂದಿತ್ತು. ಕಳೆದುಕೊಂಡಿದ್ದು ಎಂಟು ತಿಂಗಳ ಒಂದು ಸರ್ಕಾರ. ಆದರೆ ಆಮೇಲೆ ಬಂದ ಎಷ್ಟೋ ಮುಖ್ಯಮಂತ್ರಿಗಳ ಕುರ್ಚಿ ಉಳಿದಿದ್ದು ಆ ಮೊಕದ್ದಮೆಯಿಂದ. 2018ರ ಮೇನಲ್ಲಿ ಯಡಿಯೂರಪ್ಪ ಅವರಿಗೆ ರಾಜ್ಯಪಾಲರು ಬಹುಮತ ಸಾಬೀತಿಗೆ 15 ದಿನ ಕೊಟ್ಟಾಗ, ಅದನ್ನು ಮೊಟಕು ಮಾಡಿ 19ರಂದೇ ಸದನದಲ್ಲಿ ಮತಕ್ಕೆ ಹಾಕಿ ಎಂದು ಸುಪ್ರೀಂ ಕೋರ್ಟ್ ಹೇಳಿತಲ್ಲ, ಅದು ಇದೇ ದಾರಿಯಲ್ಲಿ ಬಂದ ಮಾತು.

ನಾನು ಪುಣೆಯಲ್ಲಿ ನೆಲೆಸಿರುವ ಕನ್ನಡಿಗ. ಬಸವರಾಜ ಬೊಮ್ಮಾಯಿ ನಮ್ಮ ಊರಲ್ಲಿ ಕೆಲಸ ಮಾಡಿದ್ದರಂತೆ, ಹೌದಾ?
— ಓದುಗರು, ಪುಣೆ

ಹೌದು. 1960ರ ಜನವರಿ 28ರಂದು ಹುಬ್ಬಳ್ಳಿಯಲ್ಲಿ ಹುಟ್ಟಿದವರು. ಇಲ್ಲಿನ ಬಿ.ವಿ.ಬಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಕೆಲ ಕಾಲ ಪುಣೆಯಲ್ಲಿ ಟಾಟಾ ಮೋಟರ್ಸ್‌ನಲ್ಲಿ ಇದ್ದರು. ಆಗ ಅದಕ್ಕೆ ಟೆಲ್ಕೊ ಅನ್ನುತ್ತಿದ್ದರು. ನೀರಾವರಿ ಮಂತ್ರಿಯಾದಾಗ ಆ ಓದು ಕೆಲಸಕ್ಕೆ ಬಂತು ಅಂತ ನನ್ನ ನಂಬಿಕೆ.

ಅಪ್ಪ ವಿಚಾರವಾದಿ ಎಂ.ಎನ್. ರಾಯ್ ಅವರ ಅನುಯಾಯಿ, ಕಟ್ಟಾ ಜಾತ್ಯತೀತವಾದಿ. ಮಗ ಬಿಜೆಪಿ. ಇದು ಅಪ್ಪನಿಗೆ ಮಾಡಿದ ದ್ರೋಹ ಅಲ್ವಾ?
— ನಿವೃತ್ತ ಬ್ಯಾಂಕ್ ನೌಕರರು, ಧಾರವಾಡ

ನಿಮ್ಮ ಪತ್ರದಲ್ಲಿ ನೋವು ಇದೆ, ಅದು ನನಗೆ ಅರ್ಥವಾಗುತ್ತದೆ. ಹಾವೇರಿ ಸೀಮೆಯ ಕಾರಡಗಿಯಿಂದ ಬಂದು, ರಾಯ್ ಅವರ ಮಾನವತಾವಾದ ಓದಿ ಬೆಳೆದ ವಕೀಲರು ಎಸ್.ಆರ್. ಬೊಮ್ಮಾಯಿ. ಅಂಥ ಮನೆಯಲ್ಲಿ ಬೆಳೆದ ಮಗ ಬೇರೆ ದಾರಿ ಹಿಡಿದಾಗ ಅಪ್ಪನ ಕಾಲದವರಿಗೆ ಬೇಸರ ಆಗುವುದು ಸಹಜ. ಆದರೆ ದ್ರೋಹ ಅನ್ನುವ ಮಾತು ನಾನು ಬಳಸುವುದಿಲ್ಲ. ಎಸ್.ಆರ್. ಬೊಮ್ಮಾಯಿ 2007ರ ಅಕ್ಟೋಬರ್ 10ರಂದು ತೀರಿಕೊಂಡರು. ಮಗ ಬಿಜೆಪಿ ಸೇರಿದ್ದು 2008ರ ಫೆಬ್ರುವರಿಯಲ್ಲಿ. ಆ ಹೊತ್ತಿಗೆ ಜನತಾ ಪರಿವಾರ ಒಡೆದು ಒಡೆದು ಉತ್ತರ ಕರ್ನಾಟಕದಲ್ಲಿ ಕಾರ್ಯಕರ್ತರಿಗೆ ನಿಲ್ಲಲು ನೆಲೆಯೇ ಇರಲಿಲ್ಲ. ಇವರೊಬ್ಬರೇ ಅಲ್ಲ, ಹೆಗಡೆ ಮತ್ತು ಪಟೇಲರ ಹಿಂದೆ ಇದ್ದ ಎಷ್ಟೋ ಜನ ಆ ಕಡೆ ನಡೆದರು. ವಯಸ್ಸಿಗೆ ಬಂದ ಮಗ ತನ್ನ ಪಕ್ಷ ತಾನು ಆರಿಸಿಕೊಳ್ಳಬಹುದು.

ನನ್ನ ತಕರಾರು ಪಕ್ಷದ ಮೇಲಲ್ಲ. ಮುಖ್ಯಮಂತ್ರಿಯಾಗಿ ಅವರು ನಡೆದುಕೊಂಡ ರೀತಿಯ ಮೇಲೆ. ಅಪ್ಪನ ಹೆಸರಿನ ಆ ತೀರ್ಪು ಕರ್ನಾಟಕದ ಸರ್ಕಾರವನ್ನು ವಜಾ ಮಾಡಿದ್ದು ತಪ್ಪು ಅಂದಿತು. ಅದೇ ತೀರ್ಪು, ಬಾಬರಿ ಮಸೀದಿ ಬಿದ್ದ ನಂತರ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲದ ಬಿಜೆಪಿ ಸರ್ಕಾರಗಳನ್ನು ವಜಾ ಮಾಡಿದ್ದು ಸರಿ ಅಂತಲೂ ಅಂದಿತು. ಧರ್ಮದ ವಿಷಯದಲ್ಲಿ ಸರ್ಕಾರ ಎಲ್ಲರಿಗೂ ಸಮಾನವಾಗಿ ನಿಲ್ಲಬೇಕು ಅನ್ನುವುದೇ ಅದರ ಜೀವಾಳ. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ನೈತಿಕ ಪೊಲೀಸ್‌ಗಿರಿ ಬಗ್ಗೆ ಕೇಳಿದಾಗ ಮುಖ್ಯಮಂತ್ರಿ ಬೊಮ್ಮಾಯಿ, ಕ್ರಿಯೆ ಇದ್ದರೆ ಪ್ರತಿಕ್ರಿಯೆ ಇರುತ್ತದೆ ಎಂಬ ಅರ್ಥದ ಮಾತು ಆಡಿದರು. ಪೊಲೀಸರ ಮೇಲೆ ನಂಬಿಕೆ ಇಡಿ ಅಂತ ಹೇಳಬೇಕಾದ ಕುರ್ಚಿಯಿಂದ ಆ ಮಾತು ಬರಬಾರದಿತ್ತು. 2022ರ ಫೆಬ್ರುವರಿಯಲ್ಲಿ ಸಮವಸ್ತ್ರದ ಆದೇಶ ಬಂದು, ತಲೆವಸ್ತ್ರ ಹಾಕಿಕೊಂಡ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತರು. ಪಾಠ ಮಾಡಿ ಬದುಕಿದವನಿಗೆ ಅದನ್ನು ನೋಡುವುದು ಕಷ್ಟವಾಯಿತು. ಬೊಮ್ಮಾಯಿ ಅಪ್ಪನ ಮಗ ಅಂತಲ್ಲ, ಮುಖ್ಯಮಂತ್ರಿ ಅಂತ ನನಗೆ ಸಿಟ್ಟು ಬಂತು.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1989ರಲ್ಲಿ ಶಾಸಕರ ಸಹಿ ಪತ್ರಗಳು ಒಂದು ಸರ್ಕಾರವನ್ನು ಬೀಳಿಸಿದವು. 2019ರಲ್ಲಿ ಕಾಂಗ್ರೆಸ್–ಜೆಡಿಎಸ್ ಶಾಸಕರ ರಾಜೀನಾಮೆ ಪತ್ರಗಳು ಇನ್ನೊಂದನ್ನು ಬೀಳಿಸಿದವು. ಅವರಲ್ಲಿ ಹೆಚ್ಚಿನವರು ಮುಂಬೈ ಹೋಟೆಲಿನಲ್ಲಿ ಇದ್ದರು. ಜುಲೈ 23ರಂದು ಸದನದಲ್ಲೇ ಎಣಿಕೆ ಆಯಿತು. ಸರ್ಕಾರದ ಕಡೆ 99, ವಿರುದ್ಧ 105. ತಲೆ ಎಣಿಸುವ ಜಾಗ ಯಾವುದು ಅಂತ ಅಪ್ಪನ ತೀರ್ಪು ಹೇಳಿತು. ಎಣಿಕೆಗೆ ಮುಂಚೆಯೇ ತಲೆಗಳು ಊರು ಬಿಟ್ಟು ಹೋದರೆ ಏನು ಮಾಡಬೇಕು ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ. ಹಾಗೆ ಬಂದ ಸರ್ಕಾರದಲ್ಲಿ ಮಗ ಗೃಹ ಮಂತ್ರಿ, ಆಮೇಲೆ ಮುಖ್ಯಮಂತ್ರಿ. ಈ ವಿಷಯದಲ್ಲಿ ಬಸವರಾಜ ಅವರು ಗಟ್ಟಿಯಾಗಿ ಏನಾದರೂ ಹೇಳಿದ್ದರೆ, ಆ ಮನೆತನದ ಹೆಸರಿಗೆ ಒಪ್ಪುವ ಕೆಲಸ ಆಗುತ್ತಿತ್ತು.

ನೀವು ಪೇಟೆಯವರು ಬರೀ ಟೀಕೆ ಮಾಡ್ತೀರಿ. ನಮ್ಮ ಭಾಗಕ್ಕೆ ಅವರು ನೀರು ತಂದದ್ದು ಬರೀರಿ.
— ರೈತರು, ಸವಣೂರು ತಾಲ್ಲೂಕು

ಬರೆಯುತ್ತೇನೆ, ಬರೆಯಲೇಬೇಕು. 2008ರಿಂದ ಜಲಸಂಪನ್ಮೂಲ ಮಂತ್ರಿಯಾಗಿದ್ದಾಗ ಶಿಗ್ಗಾವಿ ಏತ ನೀರಾವರಿ ಯೋಜನೆಗೆ ಬೆನ್ನು ಹತ್ತಿದವರು ಅವರೇ. ವರದಾ ನದಿಯಿಂದ ನೀರು ಎತ್ತಿ, ಕಾಲುವೆ ತೋಡದೆ, ಪೈಪಿನಲ್ಲೇ ಹೊಲದವರೆಗೆ ಒಯ್ಯುವ ಯೋಜನೆ. ಕಾಲುವೆ ಆದರೆ ನೀರು ಅರ್ಧ ದಾರಿಯಲ್ಲೇ ಇಂಗುತ್ತದೆ, ಬಿಸಿಲಿಗೆ ಆರುತ್ತದೆ. ಮೇಲಿನವರು ತೂಬು ತಿರುಗಿಸಿಕೊಂಡರೆ ಕೊನೆಯ ಹೊಲದವನಿಗೆ ಕೆಸರು ಮಾತ್ರ. ಕಾಲುವೆಗೆ ಅಂತ ಹೊಲವೂ ಹೋಗುತ್ತದೆ. ಪೈಪು ನೆಲದೊಳಗೆ ಹೋದರೆ ಮೇಲೆ ಉಳುಮೆ ಮಾಡಬಹುದು. ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ, ಬೇರೆ ಜಿಲ್ಲೆಯ ಓದುಗರಿಗೆ ಗೊತ್ತಾಗಲಿ ಅಂತ ಬರೆದೆ.

ಅದಕ್ಕೂ ಮೊದಲು, 2007ರಲ್ಲಿ, ರೈತರ ಜೊತೆ ಧಾರವಾಡದಿಂದ ನರಗುಂದಕ್ಕೆ ನಡೆದೇ ಹೋಗಿದ್ದರು. ಮುಖ್ಯಮಂತ್ರಿ ಆದ ದಿನವೇ ರೈತರ ಮಕ್ಕಳಿಗೆ ವಿದ್ಯಾರ್ಥಿವೇತನ ಘೋಷಿಸಿದರು. ಸಂಧ್ಯಾ ಸುರಕ್ಷಾ ಪಿಂಚಣಿಯನ್ನು 1,000 ರೂಪಾಯಿಯಿಂದ 1,200ಕ್ಕೆ, ವಿಧವಾ ವೇತನವನ್ನು 600ರಿಂದ 800ಕ್ಕೆ ಏರಿಸಿದರು. ಇನ್ನೂರು ರೂಪಾಯಿ ಪೇಟೆಯವರಿಗೆ ಕಾಣುವುದಿಲ್ಲ. ತಿಂಗಳಿಗೊಮ್ಮೆ ಅಂಚೆಯವನ ದಾರಿ ಕಾಯುವ ಅಜ್ಜಿಗೆ ಅದು ಗುಳಿಗೆ–ಔಷಧದ ದುಡ್ಡು. 2023ರಲ್ಲಿ ಬಿಜೆಪಿ ರಾಜ್ಯದಲ್ಲಿ 66ಕ್ಕೆ ಇಳಿದರೂ ಶಿಗ್ಗಾವಿಯಲ್ಲಿ ನೀವು ಅವರನ್ನು 35 ಸಾವಿರಕ್ಕೂ ಹೆಚ್ಚು ಮತದಿಂದ ಗೆಲ್ಲಿಸಿದ್ದು ಸುಮ್ನೆ ಅಲ್ಲ ಅಂತ ನನಗೂ ಗೊತ್ತಿದೆ.

ನಮ್ಮೂರಲ್ಲಿ ನಿಖಿಲ್ ಸೋತರು, ಶಿಗ್ಗಾವಿಯಲ್ಲಿ ಭರತ್ ಸೋತರು. ಮೊಮ್ಮಕ್ಕಳ ಕಾಲ ಮುಗೀತಾ ಸರ್?
— ಓದುಗರು, ಚನ್ನಪಟ್ಟಣ

ಕರ್ನಾಟಕದಲ್ಲಿ ಅಪ್ಪ–ಮಗ ಇಬ್ಬರೂ ಮುಖ್ಯಮಂತ್ರಿ ಆದ ಮನೆ ಎರಡೇ. ದೇವೇಗೌಡರದು, ಬೊಮ್ಮಾಯಿ ಅವರದು. ಅಪ್ಪಂದಿರಿಬ್ಬರೂ 1996ರಲ್ಲಿ ದೆಹಲಿಯಲ್ಲಿ ಒಂದೇ ಸಂಪುಟದಲ್ಲಿ ಕೂತಿದ್ದರು. ಗೌಡರು ಪ್ರಧಾನಿ, ಬೊಮ್ಮಾಯಿ ಮಾನವ ಸಂಪನ್ಮೂಲ ಮಂತ್ರಿ. ಮೊಮ್ಮಕ್ಕಳಾದ ನಿಖಿಲ್ ಕುಮಾರಸ್ವಾಮಿ, ಭರತ್ ಬೊಮ್ಮಾಯಿ ಇಬ್ಬರೂ ಉಪಚುನಾವಣೆಯಲ್ಲಿ 2024ರ ನವೆಂಬರ್ 23ರಂದು, ಒಂದೇ ದಿನ ಸೋತರು. ಚನ್ನಪಟ್ಟಣದಲ್ಲಿ ಸಿ.ಪಿ. ಯೋಗೇಶ್ವರ್, ಶಿಗ್ಗಾವಿಯಲ್ಲಿ ಯಾಸಿರ್ ಅಹ್ಮದ್ ಖಾನ್ ಪಠಾಣ್ ಗೆದ್ದರು. ಶಿಗ್ಗಾವಿಯ ಅಂತರ 13,448. 2023ರಲ್ಲಿ ಇದೇ ಪಠಾಣ್ ಅವರನ್ನು ಭರತ್ ಅವರ ಅಪ್ಪ ಬಸವರಾಜ ಸೋಲಿಸಿದ್ದ ಕ್ಷೇತ್ರ ಅದು.

ಆದರೆ ಮುಗಿಯಿತು ಅನ್ನಬೇಡಿ. ಅದೇ ದಿನ ಮೂರನೇ ಕ್ಷೇತ್ರ ಸಂಡೂರಿನಲ್ಲಿ ಸಂಸದ ಇ. ತುಕಾರಾಂ ಅವರ ಹೆಂಡತಿ ಅನ್ನಪೂರ್ಣ ಗೆದ್ದರು. ಮೂರು ಕ್ಷೇತ್ರ, ಮೂರು ಪಕ್ಷ, ಮೂರರಲ್ಲೂ ತೆರವಾದ ಸೀಟಿಗೆ ಮನೆಯವರಿಗೇ ಟಿಕೆಟ್. ಯಾವ ಪಕ್ಷವೂ ಇನ್ನೊಂದಕ್ಕೆ ಬುದ್ಧಿ ಹೇಳುವ ಸ್ಥಿತಿಯಲ್ಲಿ ಇಲ್ಲ.

ಯಾವಾಗಲೂ ಮಗನೇ ಯಾಕೆ? ಮಗಳು ಯಾಕಿಲ್ಲ?
— ಗೃಹಿಣಿ, ಶಿವಮೊಗ್ಗ

ಈಗೀಗ ಇದ್ದಾರೆ. ಕೆ.ಎಚ್. ಮುನಿಯಪ್ಪ ಅವರ ಮಗಳು ರೂಪಕಲಾ ಕೆ.ಜಿ.ಎಫ್.ನಲ್ಲಿ ಎರಡು ಸಲ ಗೆದ್ದರು. ಸತೀಶ ಜಾರಕಿಹೊಳಿ ಅವರ ಮಗಳು ಪ್ರಿಯಾಂಕಾ ಚಿಕ್ಕೋಡಿಯ ಸಂಸದೆ. ರಾಮಲಿಂಗಾ ರೆಡ್ಡಿ ಅವರ ಮಗಳು ಸೌಮ್ಯಾ 2023ರಲ್ಲಿ ಜಯನಗರದಲ್ಲಿ ಸೋತಿದ್ದು ಬರೀ 16 ಮತದಿಂದ. ಆದರೆ ಅಪ್ಪ ಇಲ್ಲದ, ಗಂಡ ಇಲ್ಲದ, ಅಂದರೆ ರಾಜಕೀಯದಲ್ಲಿ ಇಲ್ಲದ ಹೆಣ್ಣುಮಗಳಿಗೆ ಟಿಕೆಟ್ ಸಿಕ್ಕಿದ್ದು ಎಷ್ಟು ಅಂತ ಲೆಕ್ಕ ಹಾಕಿದರೆ ಬೇಸರವಾಗುತ್ತದೆ.

ಸರ್, ನಾನು ಎಂ.ಎ. ಮುಗಿಸಿದ್ದೇನೆ. ಅಪ್ಪ ಹಮಾಲಿ. ನನಗೆ ರಾಜಕೀಯಕ್ಕೆ ಬರುವ ಆಸೆ. ನಮ್ಮಂಥವರು ಎಲ್ಲಿಂದ ಶುರು ಮಾಡಬೇಕು?
— ಓದುಗರು, ಗದಗ

ತಮ್ಮಾ, ಈ ಸಲ ಬಂದ ಪತ್ರಗಳಲ್ಲಿ ನಾನು ಮತ್ತೆ ಮತ್ತೆ ಓದಿದ್ದು ನಿನ್ನದು.

ಸಿದ್ದರಾಮಯ್ಯ ಶುರು ಮಾಡಿದ್ದು ಮೈಸೂರು ತಾಲ್ಲೂಕು ಬೋರ್ಡಿನಿಂದ. ಯಡಿಯೂರಪ್ಪ ಶಿಕಾರಿಪುರ ಪುರಸಭೆಯಿಂದ. ಇಬ್ಬರಿಗೂ ಹೆಸರುವಾಸಿ ಅಪ್ಪ ಇರಲಿಲ್ಲ. ತಾಲ್ಲೂಕು, ಪುರಸಭೆ, ಜಿಲ್ಲೆ ಅನ್ನುವ ಮೆಟ್ಟಿಲುಗಳ ಏಣಿ ಇತ್ತು, ಹತ್ತಿದರು. ಹೆಗಡೆ ಸರ್ಕಾರದಲ್ಲಿ ಮಂತ್ರಿ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಕಾನೂನು ತಂದು, 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಸಿ ಆ ಏಣಿಯನ್ನು ಇನ್ನಷ್ಟು ಗಟ್ಟಿ ಮಾಡಿದರು. ಹಳ್ಳಿಯ ಎಷ್ಟೋ ಹುಡುಗರು, ಹೆಣ್ಣುಮಕ್ಕಳು ಅಲ್ಲಿಂದ ಮೇಲೆ ಬಂದರು.

ಈಗ ಆ ಏಣಿಗೆ ಏನಾಗಿದೆ ನೋಡು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಅಧಿಕಾರಿಗಳದೇ ಆಡಳಿತ. ಬೆಂಗಳೂರು ಪಾಲಿಕೆಯದು 2020ರಲ್ಲೇ ಮುಗಿದಿತ್ತು. ಬೊಮ್ಮಾಯಿ ಸರ್ಕಾರ ಚುನಾವಣೆ ಮಾಡಲಿಲ್ಲ. 2023ರಲ್ಲಿ ಬಂದ ಸಿದ್ದರಾಮಯ್ಯ ಸರ್ಕಾರವೂ ಬೇಗ ಮಾಡಲಿಲ್ಲ. ತಾಲ್ಲೂಕು ಬೋರ್ಡಿನಿಂದ ಬಂದವರೇ ಅದನ್ನು ಮುಂದೂಡಿದ್ದು ನನಗೆ ತುಂಬಾ ನೋವು ತಂದ ಸಂಗತಿ. ಕೆಳಗಿನ ಮೆಟ್ಟಿಲೇ ಇಲ್ಲದಾಗ ಮೇಲಿನ ಮಹಡಿಯಲ್ಲಿ ಹುಟ್ಟಿದವರು ಮಾತ್ರ ಅಲ್ಲಿ ಇರುತ್ತಾರೆ. ಮುಖ್ಯಮಂತ್ರಿಗಳ ಮಕ್ಕಳಾದ ಯತೀಂದ್ರ, ವಿಜಯೇಂದ್ರ, ರಾಘವೇಂದ್ರ, ನಿಖಿಲ್, ಭರತ್ ಇವರನ್ನೆಲ್ಲ ಬೈದು ಪ್ರಯೋಜನ ಇಲ್ಲ. ಅವರು ಯೋಗ್ಯರೋ ಅಲ್ಲವೋ ಅನ್ನುವುದಕ್ಕಿಂತ ಮೊದಲು, ಅವರ ಎದುರು ನಿಲ್ಲಲು ನಿನ್ನಂಥವನಿಗೆ ದಾರಿ ಇದೆಯಾ ಅಂತ ಕೇಳಬೇಕು.

ನೀನು ಮಾಡಬೇಕಾದದ್ದು ಇಷ್ಟು. ಗ್ರಾಮ ಪಂಚಾಯಿತಿಗೆ ನಿಲ್ಲು. ಪಕ್ಷದ ಚಿಹ್ನೆ ಬೇಕಿಲ್ಲ, ಖರ್ಚು ಕಡಿಮೆ. ಗ್ರಾಮಸಭೆಗೆ ತಪ್ಪದೆ ಹೋಗು. ನಿಮ್ಮ ಊರಿನ ಉದ್ಯೋಗ ಖಾತರಿ ಕೆಲಸದ ಲೆಕ್ಕ ಪುಸ್ತಕ ಕೇಳಿ ಓದು, ಯಾರ ಕೂಲಿ ಬಾಕಿ ಇದೆ ಅಂತ ಬರೆದಿಟ್ಟುಕೋ. ನಿಮ್ಮ ಅಪ್ಪನ ಜೊತೆ ಎಪಿಎಂಸಿ ಅಂಗಳದಲ್ಲಿ ದುಡಿಯುವ ಹಮಾಲರಿಗೆ ಗುರುತಿನ ಚೀಟಿ ಇದೆಯಾ, ಪೆಟ್ಟಾದರೆ ದುಡ್ಡು ಯಾರು ಕೊಡುತ್ತಾರೆ ಎಂದು ತಿಳಿದುಕೋ. ಅಪ್ಪನಿಂದ ನಿನಗೆ ಬಂದ ಕ್ಷೇತ್ರ ಅದು. ಆ ಜನರ ಹೆಸರು ನಿನಗೆ ಗೊತ್ತು, ಬೇರೆ ಯಾವ ಅಭ್ಯರ್ಥಿಗೂ ಗೊತ್ತಿಲ್ಲ.

ಭರತ್ ಬೊಮ್ಮಾಯಿ ಮತ್ತೆ ನಿಲ್ಲಬೇಕಾ, ಬೇಡವಾ? ಒಂದೇ ಮಾತಲ್ಲಿ ಹೇಳಿ.
— ಓದುಗರು, ಬಂಕಾಪುರ

ಒಂದೇ ಮಾತಲ್ಲಿ ಆಗುವುದಿಲ್ಲ, ಎರಡು ಮಾತು ಬೇಕು. ನಿಲ್ಲಲಿ, ಅದು ಅವರ ಹಕ್ಕು. ಅಪ್ಪ 1994ರಲ್ಲಿ ಸೋತ ಮೇಲೆ ಪಂಚಾಯಿತಿ ಸದಸ್ಯರ ಮತ ಕೇಳಿಯೇ ಮೇಲೆದ್ದರು. ಆ ಅಪ್ಪ ಈಗ ಹಾವೇರಿಯ ಸಂಸದರು, ಮನೆಯಲ್ಲಿ ಅಧಿಕಾರ ಇದೆ, ಅವಸರ ಏನೂ ಇಲ್ಲ. ಹಾವೇರಿ ಜಿಲ್ಲಾ ಪಂಚಾಯಿತಿಗೆ ಚುನಾವಣೆ ಮಾಡಿ ಎಂದು ಭರತ್ ಮೊದಲು ಬೀದಿಗೆ ಇಳಿಯಲಿ. ಆ ಚುನಾವಣೆ ಬಂದಾಗ ಬಂಕಾಪುರದ ಕಡೆಯ ಒಂದು ಕ್ಷೇತ್ರದಲ್ಲಿ ತಾವೇ ನಿಲ್ಲಲಿ. ಗೆದ್ದರೆ ಐದು ವರ್ಷ ಕುಡಿಯುವ ನೀರು, ಶಾಲೆ, ಆಸ್ಪತ್ರೆಯ ಕಡತ ನೋಡಲಿ. ಆಮೇಲೆ ವಿಧಾನಸಭೆ ಟಿಕೆಟ್ ಕೇಳಿದರೆ ಇದೇ ಅಂಕಣದಲ್ಲಿ ನಾನೇ ಅವರ ಪರವಾಗಿ ಬರೆಯುತ್ತೇನೆ.